ಜನರಲ್ ಸಾಹೇಬರು ಮತ್ತು ಹೆಪ್ಪಿನ ಗೋಡೆ

ಬೂಟ್ ಪಾಲಿಶಿನ ವಾಸನೆ ಬಂದರೆ ಈಗಲೂ ನನ್ನ ಗೂನು ಬೆನ್ನು ತಾನಾಗಿ ನೆಟ್ಟಗಾಗುತ್ತದೆ.

ಕೊಲ್ಹಾರದ ಹತ್ತಿರದ ನಮ್ಮೂರು ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗುವುದಿತ್ತು. ಸೈನ್ಯಕ್ಕೆ ಸಣ್ಣ ಅಧಿಕಾರಿಯಾಗಿ ಸೇರಿ ಜನರಲ್ ಆಗಿ ನಿವೃತ್ತರಾದ ಸಾಹೇಬರೊಬ್ಬರಿಗೆ ಸರ್ಕಾರ ಪುನರ್ವಸತಿಯ ಕೆಲಸ ಕೊಟ್ಟಿತ್ತು. ಹೊಸ ಊರಿನ ಜಾಗಗಳನ್ನು ಚೀಟಿ ಎತ್ತಿ ಹಂಚಲು ಅವರು ಬಂದ ಮಧ್ಯಾಹ್ನ, ಆ ಮಿರುಗುವ ಬೂಟುಗಳ ಹಿಂದೆ, ಇನ್ನೂ ಹುಡುಗನಾಗಿದ್ದ ನಾನೂ ಅವರಂತೆಯೇ ಎದೆ ಉಬ್ಬಿಸಿ, ಇಲ್ಲದ ಮೀಸೆ ತಿರುವುತ್ತ ನಡೆದೆ. ಜನ ನಕ್ಕರು. ಸಾಹೇಬರು ಗಕ್ಕನೆ ತಿರುಗಿದರು.

“ಮತ್ತ ಯಾರ್ದು ನಕಲು ಮಾಡ್ತಿ?”

“ನಮ್ಮ ಅಜ್ಜೀದು ಮಾಡ್ತೇನ್ರಿ.”

ಅಜ್ಜಿ ಅವರೆದುರು ಬಾಯಿ ಬಿಡದೆ ಕಂಬಕ್ಕಾತು ನಿಂತಿದ್ದಳು. ನಾನು ಟವೆಲನ್ನು ಸೆರಗಿನಂತೆ ಹೊದ್ದು, ಅವಳು ದಿನವೂ ಪಕ್ಕದ ಮನೆಯವಳಿಗೆ ಹೇಳುತ್ತಿದ್ದುದನ್ನೇ ಒಪ್ಪಿಸಿದೆ:

“ಶಾಂತವ್ವಾ, ಚೀಟಿ ನಿನ್ನ ಆ ತುದಿಗಿ ಒಗೀತೋ, ನನ್ನ ಈ ತುದಿಗಿ ಒಗೀತೋ. ಹೆಪ್ಪಿಗೆ ಮಜ್ಜಿಗಿ ಬೇಕಾದ್ರ ಗ್ವಾಡಿ ಮ್ಯಾಲಿಂದ ಯಾರನ್ನ ಕರೀಲಿ? ನಲವತ್ತ್ ವರ್ಷ ಎರಡೂ ಮನಿದು ಒಂದ ಹೆಪ್ಪು.”

ಅಜ್ಜಿ ಮುಖ ಮುಚ್ಚಿಕೊಂಡಳು. ಸಾಹೇಬರು ಗುಮಾಸ್ತನ ಕಡೆ ನೋಡಿದರು.

“ಬಸ್. ಚೀಟಿ ಬ್ಯಾಡ. ಫೌಜಿನ್ಯಾಗ ಜೋಡಿ ಸಿಪಾಯಿಗಳನ್ನ ನಾ ಎಂದೂ ಅಗಲಿಸಿಲ್ಲ. ಓಣಿ ಈಗ ಇದ್ದಂಗ ಬರ್ಕೋರಿ.”

ಅವರ ಜೀಪು ಹೋದ ಮೇಲೆ ಅಜ್ಜಿ ನನ್ನ ಕಿವಿ ಹಿಂಡಿದಳು. “ನನ್ನ ದನಿ ಇಷ್ಟ್ ಒಡಕ ಐತೇನೋ, ಕತ್ತೆ?”

ಹೊಸ ಊರಲ್ಲಿ ಗೌಂಡಿ ಶಾಂತವ್ವನ ಮನೆಗೂ ನಮಗೂ ನಡುವೆ ಗೋಡೆ ಎಬ್ಬಿಸುವಾಗ ಅಜ್ಜಿ ಬಿಸಿಲಲ್ಲೇ ನಿಂತಿದ್ದಳು. ಗೋಡೆ ಎದೆಮಟ್ಟ ಬಂದ ಕೂಡಲೇ, ಥೇಟ್ ಸಾಹೇಬರ ದನಿಯಲ್ಲಿ, “ಬಸ್” ಎಂದಳು.