ಫ್ರಿಜ್ಜಿನ ಎಡಗಾಲು

"ನಿನ್ನೆ ಬಂದು ನಮ್ಮ ಫ್ರಿಜ್ ಕೆಡಿಸಿ ಹೋದೋನು ನೀನೇ ಏನಪ್ಪಾ?" ಮನೆಯ ಹಿರಿಯಾಕೆ ಬಾಗಿಲಲ್ಲೇ ಕೇಳಿದರು.

ಮೆಕ್ಯಾನಿಕ್ ತಬ್ಬಿಬ್ಬಾದ. ನಿನ್ನೆ ಮನೆಯಲ್ಲಿದ್ದವಳು ಒಬ್ಬ ಬಸುರಿ ಹೆಂಗಸು ಮಾತ್ರ. ಬಾಗಿಲು ತೆಗೆದರೆ ಸಾಕು, ಫ್ರಿಜ್ ಅಲುಗಾಡಿ ಬಾಟಲಿಗಳೆಲ್ಲ ಗಲಗಲ ಎನ್ನುತ್ತವೆ ಎಂದಿದ್ದಳು. ಮುಂದಿನ ಎಡಗಾಲು ಗಿಡ್ಡವಾಗಿತ್ತು. ಅವನು ಸ್ಪ್ಯಾನರ್ ಹಾಕಿ ಅದನ್ನು ಎತ್ತರಿಸಿ, ಮೇಲೊಂದು ಲೋಟ ನೀರಿಟ್ಟು ಮಟ್ಟ ತೋರಿಸಿದ್ದ. ಅವಳು ಮೂರು ನಾಲ್ಕು ಸಲ ಬಾಗಿಲು ತೆಗೆದು ಹಾಕಿ, ಕಿವಿಗೊಟ್ಟು ಕೇಳಿದ್ದಳು. "ಕಾಫಿ ಕೊಡೋಣ ಅಂದ್ರೆ ಹಾಲು ಅಳೆದಿಟ್ಟಿದ್ದಾರೆ ಅಣ್ಣಾ" ಎಂದು ಸಂಕೋಚಪಟ್ಟಿದ್ದಳು.

"ಇನ್ನೂ ಅಲುಗಾಡ್ತಿದೆಯಾ ಅಮ್ಮಾ?"

"ಎಲ್ಲಿ ಅಲುಗಾಡತ್ತೆ? ಒಂಚೂರು ಸದ್ದಿಲ್ಲ. ಮೊದಲು ಹೇಗಿತ್ತೋ ಹಾಗೆ ಮಾಡಿಕೊಡು."

"ಅಲ್ಲಮ್ಮಾ, ನೆಟ್ಟಗೆ ನಿಂತಿರೋದನ್ನ ಯಾರಾದ್ರೂ..."

"ನಮ್ಮನೆ ಫ್ರಿಜ್ಜು, ನಮ್ಮಿಷ್ಟ. ಹೇಳಿದಷ್ಟು ಮಾಡು."

ಅವನು ಸ್ಪ್ಯಾನರ್ ತೆಗೆದ. ಇಷ್ಟು ವರ್ಷದ ಕೆಲಸದಲ್ಲಿ, ಸರಿಯಿದ್ದದ್ದನ್ನು ಕೆಡಿಸಲು ಕರೆಸಿದ ಮನೆ ಇದೊಂದೇ ಎಂದುಕೊಳ್ಳುತ್ತ ನೆಲದ ಮೇಲೆ ಕೂತು, ಎಡಗಾಲನ್ನು ಮೂರು ಸುತ್ತು ಹಿಂದಕ್ಕೆ ತಿರುಗಿಸಿದ. ಎದ್ದು, ನೋಡೋಣವೆಂದು ಬಾಗಿಲು ಎಳೆದ. ಬಾಟಲಿಗಳು ಗಲಗಲ ಎಂದವು.

ಆ ಕ್ಷಣವೇ ಹಿತ್ತಿಲಿನಿಂದ ಬಸುರಿಯ ದನಿ ಕೇಳಿತು:

"ನಾನಲ್ಲ ಅತ್ತೇ! ನಾನಿಲ್ಲಿ ಬಟ್ಟೆ ಒಗೀತಿದೀನಿ!"