ಒಗ್ಗರಣೆ ಘಾಟು

ಸೊಸೆಗೆ ಎಚ್‌ಐವಿ ಇದೆಯೆಂದು ತಿಳಿದಾಗಿನಿಂದ ಆ ಮನೆಯಲ್ಲಿ ಅವಳ ತಟ್ಟೆ, ಲೋಟ, ಚಾಪೆ ಎಲ್ಲವೂ ಬೇರೆಯಾಗಿದ್ದವು. ಈಚೆಗೆ ಅವಳಿಗೆ ಕೆಮ್ಮೂ ಶುರುವಾಗಿತ್ತು.

"ಕೆಮ್ಮೋದಿದ್ರೆ ಹಿತ್ತಲಿಗೆ ಹೋಗು. ನಂಗೂ ಅಂಟಿಸ್ಬೇಡ," ಎಂದಳು ಅತ್ತೆ.

"ನೀವೂ ಕೆಮ್ತಾನೇ ಇದೀರಲ್ಲ ಅತ್ತೆ, ಎಷ್ಟೋ ದಿನದಿಂದ."

"ನಂದು ಒಗ್ಗರಣೆ ಘಾಟಿಗೆ ಬರೋದು ಕಣೇ!"

ಸೊಸೆಯ ಕೆಮ್ಮು ತೋರಿಸಲು ಇಬ್ಬರೂ ಹೋದಾಗ ಆಸ್ಪತ್ರೆಯವರು ಈ ಮಾತು ಕೇಳಲಿಲ್ಲ, ಇಬ್ಬರ ಕಫವನ್ನೂ ಪರೀಕ್ಷೆಗೆ ಕಳಿಸಿದರು. ವರದಿ ಬಂದ ದಿನ ಅತ್ತೆ ಸೆರಗಿನಿಂದ ಮೂಗು ಮುಚ್ಚಿಕೊಂಡು ಬೆಂಚಿನ ಆ ತುದಿಯಲ್ಲಿ ಕೂತಳು. ಡಾಕ್ಟರು ವರದಿಗಳನ್ನು ನೋಡಿ, ಮೇಜಿನಿಂದ ಒಂದು ಮಾಸ್ಕ್ ತೆಗೆದರು. ಸೊಸೆ ದಣಿದ ಕೈಯನ್ನು ಚಾಚಿದಳು.

"ನಿಮಗಲ್ಲಮ್ಮ. ನಿಮ್ಮದು ಬರೀ ಶೀತ. ಇದು ನಿಮ್ಮತ್ತೆಗೆ, ಅವರ ಟಿಬಿ ನಿಮಗೆ ಅಂಟಬಾರದಲ್ಲ."