ಮೂರು ಸಲ ಸುಟ್ಟ ಡಯೋಡ್

ಮೂರನೆಯ ಸಲವೂ ಅದೇ ಡಯೋಡ್ ಸುಟ್ಟಿತ್ತು.

ಮೊದಲ ಸಲ, ಹೊಸ ಬ್ಯಾಟರಿ ಕೂರಿಸಿದವನ ಕೈತಪ್ಪು ಎಂದುಕೊಂಡಿದ್ದಳು ಕರೆಂಟಕ್ಕ. ಆ ಬೀದಿಯಲ್ಲಿ ಕಾರುಗಳ ವೈರಿಂಗ್ ನೋಡುವವಳು ಅವಳೊಬ್ಬಳೇ, ಹಾಗಾಗಿ ಆ ಹೆಸರು. ತಂತಿ ಉಲ್ಟಾ ಕೊಟ್ಟರೆ ಹೀಗಾಗುತ್ತದೆ ಎಂದು ಅಂದೇ ಕಾರಿನ ಮನೆಯ ಗಂಡ ಹೆಂಡತಿ ಇಬ್ಬರಿಗೂ ಬಿಡಿಸಿ ಹೇಳಿದ್ದಳು. ಎರಡನೆಯ ಸಲ ತಲೆ ಕೆರೆದುಕೊಂಡಿದ್ದಳು. ಈಗ ಬ್ಯಾಟರಿಯ ಟರ್ಮಿನಲ್‌ಗಳ ಮೇಲೆ ಸ್ಪ್ಯಾನರಿನ ಹೊಸ ಗೀರುಗಳಿದ್ದವು. ಯಾರೋ ಬೇಕೆಂದೇ ತಂತಿಗಳನ್ನು ಅದಲುಬದಲು ಮಾಡಿ, ಫ್ಯೂಸ್ ಹಾರಿದ ಮೇಲೆ ಮತ್ತೆ ಸರಿಯಾಗಿಟ್ಟಿದ್ದರು.

ಡಯೋಡ್ ಎಂದರೆ ಬಟಾಣಿಯಷ್ಟು ದೊಡ್ಡ ಕಪ್ಪು ತುಂಡು. ಬ್ಯಾಟರಿ ಉಲ್ಟಾ ಆದರೆ ಏಟನ್ನೆಲ್ಲ ತಾನೇ ತಿಂದು ಸಾಯುವುದೇ ಅದರ ಉದ್ಯೋಗ. ಕಾರಿನ ಕಂಟ್ರೋಲ್ ಬೋರ್ಡ್ ಬದುಕಿಕೊಳ್ಳುತ್ತದೆ. ಕಾರು ಮಾತ್ರ ಕದಲುವುದಿಲ್ಲ.

ಕಾರಿನ ಯಜಮಾನರು ನಿವೃತ್ತ ಚಾಲನಾ ಪರೀಕ್ಷಕರು. ಲೈಸೆನ್ಸ್ ಬೇಕೆಂದು ಬಂದವರನ್ನು ಮೂವತ್ತು ವರ್ಷ ಫೇಲ್ ಮಾಡಿದವರು. ಕರೆಂಟಕ್ಕನೂ ಅವರ ಕೈಯಲ್ಲಿ ಎರಡು ಸಲ ಫೇಲ್ ಆದವಳೇ. ಒಮ್ಮೆ ಚಕ್ರ ಬಿಳಿಗೆರೆಗೆ ತಾಗಿತೆಂದು, ಇನ್ನೊಮ್ಮೆ ತಾಗುವಂತಿತ್ತೆಂದು. ಈಗಲೂ ಅವರು ಗೇಟಿನ ಬಳಿ ಕುರ್ಚಿ ಹಾಕಿಕೊಂಡು ಬೀದಿಯ ಗಾಡಿಗಳಿಗೆ ಅಂಕ ಕೊಡುತ್ತಿದ್ದರು.

"ಕ್ಲಚ್ ಬಿಡೋಕೆ ಬರಲ್ಲ. ಫೇಲ್," ಎಂದರು ಅವರು, ಸದ್ದು ಬಂದ ಕಡೆ ತಿರುಗಿ. ಆಮೇಲೆ ಶೆಡ್ಡಿನತ್ತ, "ಯಾರಪ್ಪಾ ಅಲ್ಲಿ?"

ಕರೆಂಟಕ್ಕ ನಾಲ್ಕೇ ಹೆಜ್ಜೆ ಆಚೆ ನಿಂತಿದ್ದಳು. "ನಾನು ಸರ್. ಮತ್ತೆ ಅದೇ ಪಾರ್ಟ್ ಹೋಗಿದೆ. ಅದನ್ನ ಮಾಡೋದು ನಿಲ್ಲಿಸಿ ಒಂಬತ್ತು ವರ್ಷ ಆಯ್ತು. ಹಳೆ ಬೋರ್ಡಿಂದ ಕಿತ್ತಿಟ್ಟ ಎರಡಿತ್ತು, ಎರಡನ್ನೂ ನಿಮಗೇ ಹಾಕಾಯ್ತು."

"ಎಲ್ಲೂ ಸಿಗಲ್ವಾ?"

"ಕಷ್ಟ ಸರ್."

"ಸಿಗದಿದ್ರೆ ಸಿಗಲಿಲ್ಲ ಬಿಡು. ತಯಾರು ಮಾಡೋರ ಸೋಮಾರಿತನಕ್ಕೆ ನಾನೇನು ಮಾಡಲಿ." ಅಷ್ಟರಲ್ಲಿ ಗೇಟಿನಾಚೆ ಹೊರಟಿದ್ದ ಪಕ್ಕದ ಮನೆಯವರಿಗೂ ಕೂಗಿ ಹೇಳಿದರು, "ಕಾರಿದ್ದಿದ್ರೆ ನಾನೇ ಬಿಟ್ಟು ಬರ್ತಿದ್ದೆ, ನೋಡಿ." ನೆರೆಯವರು ಹೆಜ್ಜೆ ಚುರುಕು ಮಾಡಿದರು.

ಪರೀಕ್ಷಕರ ಹೆಂಡತಿ ಅವಳನ್ನು ಅಡುಗೆಮನೆಗೆ ಕರೆದು ಚಹಾ ಕೊಟ್ಟರು. ದನಿ ತಗ್ಗಿಸಿದರು.

"ಸಿಗಲ್ಲ ಅಂದ್ಮೇಲೆ ಬಿಟ್ಬಿಡಮ್ಮ. ಹೋದ ತಿಂಗಳು ಗೇಟಿನ ಕಂಬಕ್ಕೆ ಗುದ್ದಿದ್ರು. ಕಂಬ ವಾಲಿದೆ ಅಂತ ಮೇಸ್ತ್ರೀನ ಕರೆಸಿದ್ರು."

"ಕಣ್ಣು ತೋರಿಸ್ಕೊಳ್ಳಿ ಅನ್ನಬಾರದಾ ಅಮ್ಮ?"

"ಅಂದೆ. ಲೈಸೆನ್ಸ್ ಹೊಸದು ಮಾಡಿಸುವಾಗ ಅಕ್ಷರದ ಬೋರ್ಡನ್ನ ಕೊನೇ ಸಾಲಿನ ತನಕ ತಡವರಿಸದೆ ಓದಿ ಬಂದಿದ್ದೀನಿ, ನಿನ್ನ ಕಣ್ಣು ತೋರಿಸ್ಕೋ ಅಂದ್ರು." ಅಮ್ಮ ಲೋಟ ತೊಳೆಯುತ್ತ ಕೇಳಿದರು, "ಅಲ್ಲ, ಆ ಪಾರ್ಟ್ ಸುಡೋಕೆ ಎಷ್ಟು ಹೊತ್ತು ಬೇಕು?"

"ಒಂದು ನಿಮಿಷಾನೂ ಬೇಡ."

"ಅಷ್ಟೇನಾ," ಎಂದರು ಅಮ್ಮ.

ಕರೆಂಟಕ್ಕನಿಗೆ ಎಲ್ಲ ಅರ್ಥವಾಯಿತು. ಈ ಮನೆಯಲ್ಲಿ ಸ್ಪ್ಯಾನರ್ ಹಿಡಿಯುವ ಕೈ ಯಾವುದೆಂದು ಇನ್ನು ಕೇಳಬೇಕಾಗಿರಲಿಲ್ಲ. ಕಾರು ಕೆಟ್ಟೇ ಇರುವುದು ಬೀದಿಗೆಲ್ಲ ಕ್ಷೇಮ ಎಂಬುದೂ ಅವಳಿಗೆ ಗೊತ್ತಿತ್ತು. ಆದರೆ ಬಟಾಣಿಯಷ್ಟು ತುಂಡು ತನ್ನನ್ನು ಸೋಲಿಸಿತೆಂದು ಒಪ್ಪಿಕೊಳ್ಳಲು ಮನಸ್ಸಾಗಲಿಲ್ಲ. ಗಂಡನನ್ನು ತಡೆಯುವುದು ಹೆಂಡತಿಯ ಕೆಲಸ, ರಿಪೇರಿ ತನ್ನದು ಎಂದು ಸಮಾಧಾನ ಹೇಳಿಕೊಂಡಳು.

ಅಂಗಡಿಯಲ್ಲಿ ಭೂತಗನ್ನಡಿ ಹಿಡಿದು ಕೂತಳು. ಸುಟ್ಟ ಮೈಮೇಲೆ ಓದಲು ಬರುವಂತೆ ನಾಲ್ಕಕ್ಷರ ಉಳಿದಿದ್ದವು. ಅಷ್ಟರಿಂದಲೇ ಹಳೆಯ ಪಟ್ಟಿಗಳಲ್ಲಿ ಅದರ ಕುಲಗೋತ್ರ ಜಾಲಾಡಿದಳು: ಎಷ್ಟು ವೋಲ್ಟಿನವರೆಗೆ ಸುಮ್ಮನಿರಬೇಕು, ಎಷ್ಟಕ್ಕೆ ಎದ್ದು ತಡೆಯಬೇಕು, ಎಷ್ಟು ಏಟು ತಾಳಬೇಕು, ಬೋರ್ಡಿನಲ್ಲಿ ಎಷ್ಟು ಜಾಗ ಹಿಡಿಯಬೇಕು. ಎಲ್ಲಕ್ಕೂ ಹೊಂದುವ, ಈಗಲೂ ಸಿಗುವ ಒಂದನ್ನು ಆರಿಸಿದಳು. ತಾಳಿಕೆ ಹಳೆಯದರ ಎರಡರಷ್ಟು. ಸಾಲದೆಂದು, ಬ್ಯಾಟರಿಯಿಂದ ಬರುವ ದಾರಿಯಲ್ಲೇ ಇನ್ನೊಂದನ್ನು ಕಾವಲಿಟ್ಟಳು. ಇನ್ನು ತಂತಿ ಉಲ್ಟಾ ಕೊಟ್ಟರೆ ಕರೆಂಟ್ ಒಳಗೇ ಬರುವುದಿಲ್ಲ.

ನಾಲ್ಕನೆಯ ದಿನ ಬೋರ್ಡನ್ನು ಕಾರಿಗೆ ಕೂರಿಸಿ ಕೀಲಿ ತಿರುಗಿಸಿದಳು. ಎಂಜಿನ್ ಒಂದೇ ಸಲಕ್ಕೆ ಹಿಡಿಯಿತು.

"ಇನ್ನು ಯಾರು ಬ್ಯಾಟರಿ ಉಲ್ಟಾ ಕೊಟ್ರೂ ಏನೂ ಸುಡಲ್ಲ," ಎಂದಳು, ಅಮ್ಮನ ಮುಖವನ್ನೇ ನೋಡುತ್ತ. "ತಂತಿ ಸರಿ ಮಾಡಿದ ತಕ್ಷಣ ಕಾರು ಹೊರಡುತ್ತೆ."

"ಉಲ್ಟಾ ಯಾರು ಕೊಡ್ತಾರೆ?" ಎಂದರು ಅಮ್ಮ. ಎಂಥ ನಟನೆ ಎಂದು ಕರೆಂಟಕ್ಕ ಮನಸ್ಸಿನಲ್ಲೇ ತಲೆದೂಗಿದಳು.

 ಪರೀಕ್ಷಕರು ಬಾನೆಟ್ ಸವರುತ್ತ ಬಂದು, ಬಾಗಿಲಿನ ಹಿಡಿ ಹುಡುಕಿ, ಸ್ಟಿಯರಿಂಗ್ ಮುಂದೆ ಕೂತರು.

"ಒಂದು ಸುತ್ತು ಹಾಕ್ತೀರಾ?" ಎಂದು ಕೇಳಿದರು ಅಮ್ಮ.

"ಹಾಕದೆ ಇರ್ತೀನಾ."

ಅಮ್ಮ ಸೆರಗು ಸಿಕ್ಕಿಸಿಕೊಂಡರು. "ಹಾಗಾದ್ರೆ ನಾನೂ ಬರ್ತೀನಿ. ಏನಾದ್ರೂ ಇಬ್ಬರಿಗೂ ಒಟ್ಟಿಗೇ ಆಗಲಿ." ಚಪ್ಪಲಿ ಹಾಕಿಕೊಳ್ಳಲು ಒಳಗೆ ಹೋದರು.

ಕರೆಂಟಕ್ಕ ಕಾರಿನ ಕಿಟಕಿಯ ಹತ್ತಿರ ಬಂದಳು. ರಿಪೇರಿ ತನ್ನ ಕೆಲಸ ಎಂಬ ಸಮಾಧಾನ ಈಗ ಉಪಯೋಗಕ್ಕೆ ಬರಲಿಲ್ಲ. ಸರ್, ಬೇಡ ಎನ್ನಲು ಬಾಯಿ ತೆರೆದಳು. ಅಷ್ಟರಲ್ಲಿ ಪರೀಕ್ಷಕರು ಎಂಜಿನ್ ಆರಿಸಿದರು. ಕಿಟಕಿಯಿಂದ ಕೈ ಹೊರಚಾಚಿ ಅವಳ ಅಂಗೈ ತಡವಿ, ಕೀಲಿಯನ್ನು ಅದರೊಳಗಿಟ್ಟು ಬೆರಳು ಮಡಿಸಿದರು.

"ಕಣ್ಣಿನ ಪರೀಕ್ಷೆಯ ಬೋರ್ಡಿನ ಅಕ್ಷರ ಮೂವತ್ತು ವರ್ಷದಿಂದ ಬದಲಾಗಿಲ್ಲಮ್ಮ, ನನಗೆ ಬಾಯಿಪಾಠ," ಎಂದರು ಪಿಸುದನಿಯಲ್ಲಿ. "ಉಲ್ಟಾ ಕೊಟ್ರೂ ಸುಡದ ಹಾಗೆ ಮಾಡಿಬಿಟ್ಟೆ, ಇನ್ನು ನಾನು ಏನನ್ನ ಸುಡಲಿ?"